ನೀರಂಚಿನ ಓಟ

ಮೊರೊಕ್ಕೊದ ಇಫ್ರಾನ್ ಊರಿನ ಬೆಟ್ಟಗಳ ನಡುವಿನ ಕೆರೆಯನ್ನು ಸುತ್ತಿ ಓಡುವವರಿಗೆ ಹಿಂದಿನಿಂದಲೂ ಒಂದೇ ಕಟ್ಟಳೆ: ನೀರಂಚು ಬಿಡಬಾರದು. ಬಿಟ್ಟವನು ಕಳ್ಳ. ಒಂದು ಕಾಲಕ್ಕೆ ದೇಶದ ಹೆಸರಿನಲ್ಲಿ ಓಡಿದ್ದ ಬಾಸ್ಸು, ಮಂಡಿ ಸವೆದು ಮನೆ ಸೇರಿದ ಮೇಲೂ ಆ ಕಟ್ಟಳೆ ಮುರಿದವನಲ್ಲ.

ಅವನು ಓಡಲು ಹೊರಟ ಕೂಡಲೇ ಅಕ್ಕ ತೂದಾ ಮಣ್ಣಿನ ಒಲೆಯಲ್ಲಿ ರೊಟ್ಟಿ ಇಡುತ್ತಿದ್ದಳು. ಮೊದಲೆಲ್ಲ ಅವನು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅದು ಬೆಂದು, ಆರಿ, ತಣ್ಣಗಾಗಿರುತ್ತಿತ್ತು. ಈ ಬೇಸಿಗೆಯಲ್ಲಿ ಅವನು ಬಂದರೂ ರೊಟ್ಟಿ ಬೆಂದಿರುತ್ತಿರಲಿಲ್ಲ.

"ನೋಡಿದ್ಯಾ ಅಕ್ಕಾ?" ಬಾಸ್ಸು ಹೊಸಿಲ ಮೇಲೆ ಕುಸಿದು ಕೂತು ಶೂ ಬಿಚ್ಚಿದ. "ಮುದುಕ ಅಂತ ಆಡ್ಕೊಂಡೋರ ಬಾಯಿ ಮುಚ್ಚಿಸ್ತೀನಿ. ಬರೋ ವರ್ಷ ಮರಾಕೇಶಿನ ಓಟಕ್ಕೆ ಹೆಸರು ಕೊಡ್ತೀನಿ. ಮೈ ಮಾತ್ರ ಯಾಕೋ ಮೊದ್ಲಿನ ಹಾಗೇ ಹಣ್ಣಾಗಿ ಹೋಗುತ್ತೆ."

ತೂದಾ ಒಲೆಯ ಮುಂದಿನಿಂದ ಏಳಲಿಲ್ಲ. ಎದ್ದರೆ ಸೊಂಟ ಹಿಡಿದುಕೊಳ್ಳುತ್ತಿತ್ತು.

"ಲೋ ಪೆದ್ದೇ, ನಿನ್ನ ಕಾಲಿಗೆ ಹುರುಪು ಬಂದಿಲ್ಲ ಕಣೋ. ಕೆರೆ ಬತ್ತಿ ಬತ್ತಿ ನಡುವಿಗೆ ಸೇರ್ಕೊಂಡಿದೆ. ಮೊದ್ಲು ಕೆರೆ ಸುತ್ತಿ ಬರ್ತಿದ್ದೆ, ಈಗ ಹೊಂಡ ಸುತ್ತಿ ಬರ್ತಿದೀಯ."

ಬಾಸ್ಸು ಕೆರೆಯ ಕಡೆ ತಿರುಗಿ ನೋಡಿದ. ದಿನಾ ನೀರಿನ ಪಕ್ಕದಲ್ಲೇ ಓಡುವವನಿಗೆ ನೀರು ಹಿಂದೆ ಸರಿದದ್ದು ಎಲ್ಲಿಂದ ಕಾಣಬೇಕು?

"ನಿನ್ನ ದಾರಿ ಕಮ್ಮಿ ಆಗ್ತಾ ಆಗ್ತಾ ನಂದು ಜಾಸ್ತಿ ಆಯ್ತು," ಅಂದಳು ತೂದಾ. "ಬಿಂದಿಗೆ ಹೊತ್ತು ಆ ಕೆಸರು ದಾಟೋಳು ನಾನಲ್ವಾ?"

ಬಾಸ್ಸು ಬಿಚ್ಚಿದ ಶೂವನ್ನು ಮತ್ತೆ ಕಾಲಿಗೇರಿಸಿ, ಮೂಲೆಯಲ್ಲಿದ್ದ ಖಾಲಿ ಬಿಂದಿಗೆ ಎತ್ತಿಕೊಂಡ.

"ಬರ್ತಾ ಓಡ್ಬೇಡ," ಅಕ್ಕ ಒಳಗಿಂದಲೇ ಕೂಗಿದಳು, "ನೀರು ಚೆಲ್ಲುತ್ತೆ."