ಗೊಣಗಿಯ ಬಾಯಾರಿಕೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಅವಳು, ಅತ್ತೆ, ಗೊಣಗಿ, ಮೂವರೇ ಉಳಿದ ಮೊದಲ ಬೆಳಗು ಅದು. ಹಾಲಿನ ಪ್ಯಾಕೆಟ್ ಕತ್ತರಿಸಿದ ಸದ್ದಾದರೆ ಸಾಕು, ಅಡುಗೆಮನೆಯ ಬಾಗಿಲಲ್ಲಿ ನಿಂತು ಗುರ್ ಗುರ್ ಎಂದು ತಕರಾರು ತೆಗೆಯುತ್ತಿದ್ದ ನಾಯಿ ಗೊಣಗಿ. ಹೆಸರು ಬಂದದ್ದೇ ಹಾಗೆ. ಇವತ್ತು ಸದ್ದಿರಲಿಲ್ಲ. ಗಂಡನ ಬೂಟುಗಳ ಮೇಲೆ ಗದ್ದವಿಟ್ಟು ಮಲಗಿತ್ತು. ತಟ್ಟೆಗೆ ಹಾಕಿದ್ದು ಹಾಗೇ ಒಣಗಿತ್ತು.

“ಮೂಕಪ್ರಾಣಿ. ಅವನನ್ನೇ ನೆನೆಸ್ಕೊಂಡು ಕೊರಗ್ತಿದೆ,” ಎಂದರು ಅತ್ತೆ.

ಬಂದವರೆಲ್ಲ ಇದನ್ನೇ ಹೇಳಿ ಅದರ ತಲೆ ಸವರಿ ಹೋಗಿದ್ದರು. ಅವಳೂ ನಂಬಿದ್ದಳು. ತನಗೆ ಬಾರದ ಅಳುವನ್ನು ಅದಾದರೂ ಅಳುತ್ತಿದೆಯಲ್ಲ ಎಂದು ಸಮಾಧಾನವೂ ಆಗಿತ್ತು.

ನೀರಿನ ಬಟ್ಟಲು ತುಂಬಿಸಿದಳು. ಗೊಣಗಿ ತೂರಾಡುತ್ತ ಬಂದು ಒಂದೇ ಉಸಿರಿಗೆ ಮುಗಿಸಿತು. ಮತ್ತೆ ತುಂಬಿಸಿದಳು. ಅದೂ ಖಾಲಿ. ಮೂರನೆಯ ಸಲ ಅವಳ ಕೈ ನಿಂತಿತು. ತನಗಂತೂ ಇಷ್ಟು ದಿನ ಒಂದು ಲೋಟ ನೀರೂ ನೆಟ್ಟಗೆ ಗಂಟಲಲ್ಲಿ ಇಳಿದಿರಲಿಲ್ಲ. ಕೊರಗುವವರಿಗೆ ಇಷ್ಟು ಬಾಯಾರಿಕೆಯೇ?

ಬಗ್ಗಿ ನೋಡಿದಳು. ಬಾಲದ ಕೆಳಗೆ ಕೂದಲು ಅಂಟಂಟಾಗಿತ್ತು, ಕೆಟ್ಟ ವಾಸನೆ. ಹೊಟ್ಟೆ ಬಿಗಿದಿತ್ತು.

“ಅತ್ತೆ, ಡಾಕ್ಟರ ಹತ್ತಿರ ಹೋಗೋಣ.”

“ಇವತ್ತಾ? ಮನೆ ಸ್ಥಿತಿ ನೋಡಮ್ಮ. ಬರೋ ವಾರ...”

ಎದೆಯುರಿ ಬಂದಾಗಲೆಲ್ಲ ಗಂಡ ಹೇಳುತ್ತಿದ್ದದ್ದೂ ಅದೇ: ‘ಬರೋ ವಾರ ತೋರಿಸ್ತೀನಿ ಬಿಡೇ.’ ಲಿಫ್ಟ್ ರಿಪೇರಿಯವನು. ಕಂಡವರ ಲಿಫ್ಟಿನ ಸಣ್ಣ ಕಿರಿಕಿರಿಯೂ ಅವನ ಕಿವಿಗೆ ಬೀಳುತ್ತಿತ್ತು. ಗೊಣಗಿಗೆ ಮರಿಯಾಗದ ಆಪರೇಷನ್ ಮಾಡಿಸಲೆಂದು ಎದುರುಬೀದಿಯ ಟೈಲರಮ್ಮನಿಂದ ನಾಯಿ ಒಯ್ಯುವ ಜಾಲರಿ ಬಾಗಿಲಿನ ಪೆಟ್ಟಿಗೆ ಕೇಳಿ ತಂದಿದ್ದ. ಅದಕ್ಕೂ ಬರೋ ವಾರವೇ. ‘ಒಂದು ಸಲವಾದ್ರೂ ಮರಿ ಹಾಕ್ಲಿ, ಹೆಣ್ಣುಜೀವ’ ಎಂಬ ಅತ್ತೆಯ ಮಾತು ಅವನಿಗೊಂದು ನೆಪವಾಯಿತು. ಪೆಟ್ಟಿಗೆ ಅಟ್ಟ ಸೇರಿ ಎರಡು ವರ್ಷ.

ಅವಳು ಅಟ್ಟದ ಕೆಳಗೆ ಸ್ಟೂಲು ಎಳೆದಳು. ಅತ್ತೆ ಅದನ್ನು ಅಲುಗದಂತೆ ಹಿಡಿದುಕೊಂಡರು.

ಪಶುವೈದ್ಯೆ ಸ್ಕ್ಯಾನ್ ಮಾಡುತ್ತಲೇ ಕೇಳಿದರು, “ಬೆದೆಗೆ ಬಂದು ಎಷ್ಟು ದಿನ ಆಯ್ತು?”

“ಆರು ವಾರ.”

“ಗರ್ಭಕೋಶದ ತುಂಬ ಕೀವು. ಈಗಲೇ ತೆಗೀಬೇಕು. ಉಳಿಯುತ್ತೆ ಅಂತ ಮಾತು ಕೊಡಲ್ಲ.”

“ಒಂದು ಸಲ ಮರಿ ಹಾಕಿದ್ರೆ ಇದು ಬರ್ತಿರಲಿಲ್ಲ, ಅಲ್ವಾ?” ಅತ್ತೆ ಕೇಳಿದರು.

“ಹಾಕಿದವಕ್ಕೂ ಬರುತ್ತಮ್ಮ. ಗರ್ಭಕೋಶ ಇರೋವರೆಗೂ ಈ ಭಯ ಇದ್ದಿದ್ದೇ. ಮೊದಲನೇ ಬೆದೆಗೆ ಮುಂಚೆ ಮಾಡಿಸಿದ್ರೆ ಮೊಲೆ ಗಡ್ಡೆ ಬರೋದೂ ಬಹಳ ಕಡಿಮೆ.”

“ಆಪರೇಷನ್ ಮಾಡಿಸಿದ್ರೆ ಊದ್ಕೊಂಡು ಗುಡಾಣ ಆಗ್ತವೆ ಅಂತಾರೆ,” ಎಂದರು ಅತ್ತೆ.

“ದಪ್ಪ ಆಗ್ತವೆ. ತಟ್ಟೆಗೆ ಸ್ವಲ್ಪ ಕಡಿಮೆ ಹಾಕ್ಬೇಕು. ಕೆಲವಕ್ಕೆ ಆಮೇಲೆ ಉಚ್ಚೆ ಸೋರುತ್ತೆ, ಔಷಧಿ ಇದೆ. ದೊಡ್ಡ ಜಾತಿ ನಾಯಿ ಆದ್ರೆ ಮೂಳೆ ಬಲೀಲಿ ಅಂತ ನಾವೇ ಕಾಯ್ತೀವಿ. ಆದ್ರೆ ಕಾಯೋದು ಬೇರೆ, ಮರೆಯೋದು ಬೇರೆ.”

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಅತ್ತೆ ಸೊಸೆ ಕೂತರು. ಹೋದ ವಾರವೂ ಹೀಗೇ ಒಂದು ಮುಚ್ಚಿದ ಬಾಗಿಲ ಮುಂದೆ ಕೂತಿದ್ದರು. ಆ ಡಾಕ್ಟರು ಹೊರಬಂದು ಮೊದಲು ಮಾಸ್ಕ್ ತೆಗೆದಿದ್ದರು, ಆಮೇಲೆ ಮಾತಾಡಿದ್ದರು. ಇವರು ಮಾಸ್ಕ್ ತೆಗೆಯದಿರಲಿ ಎಂದಷ್ಟೇ ಅವಳು ಬೇಡಿಕೊಳ್ಳುತ್ತಿದ್ದಳು.

“ನಾನೇ ಕಣಮ್ಮ ಬೇಡ ಅಂದಿದ್ದು,” ಎಂದರು ಅತ್ತೆ. “ಮನೇಲೊಂದು ಮರಿ ಓಡಾಡ್ಲಿ ಅಂತ ಆಸೆ.”

ಅವಳು ಅತ್ತೆಯ ಕೈ ಹಿಡಿದಳು. ಎರಡೂ ಕೈ ಒದ್ದೆಯಾಗಿದ್ದವು.

ಬಾಗಿಲು ತೆರೆಯಿತು. ವೈದ್ಯೆಯ ಕೈ ಮುಖದತ್ತ ಹೋಗಿ, ಹಣೆಯ ಬೆವರನ್ನಷ್ಟೇ ಒರೆಸಿತು.

“ಎಚ್ಚರ ಆಗಿದೆ. ಏನೋ ಗೊಣಗ್ತಿದೆ.”

ಅವಳಿಗೆ ತಟ್ಟನೆ ಗಂಟಲು ಒಣಗಿತು. “ಒಂದು ಲೋಟ ನೀರು ಸಿಗುತ್ತಾ?” ಎಂದಳು. ಪೂರ್ತಿ ಕುಡಿದಳು.

ಗೊಣಗಿಯ ಹೊಲಿಗೆ ಬಿಚ್ಚಿದ ಮರುದಿನ ಪೆಟ್ಟಿಗೆ ತೊಳೆದು ಒಣಗಿಸಿ ಟೈಲರಮ್ಮನ ಅಂಗಡಿಗೆ ಹೊತ್ತೊಯ್ದಳು.

“ಅವರು ತಂದಿದ್ದು. ತಡ ಆಯ್ತು.”

“ಅಯ್ಯೋ, ಇದಕ್ಕಾಗಿ ಬಂದ್ಯಾ ತಾಯಿ?” ಟೈಲರಮ್ಮನ ಕಾಲ ಬಳಿ ಹೆಣ್ಣು ನಾಯಿಮರಿಯೊಂದು ಅಳತೆಟೇಪು ಜಗಿಯುತ್ತಿತ್ತು. “ಈ ರಾಣಿಗೆ ಆರು ತಿಂಗಳು. ಆಪರೇಷನ್ ಮಾಡಿಸೋದೋ ಬೇಡ್ವೋ ಡಾಕ್ಟರನ್ನ ಕೇಳ್ಬೇಕು. ಕೈತುಂಬ ಹೊಲಿಗೆ, ಬರೋ ವಾರ ನೋಡೋಣ ಅಂತ. ಆ ಪೆಟ್ಟಿಗೆ ಮೇಲ್ಗಡೆ ತಳ್ಳಿಬಿಡಮ್ಮ.”

ಅವಳು ಮೇಲೆ ತಳ್ಳಲಿಲ್ಲ. ದಾಟದೆ ಯಾರೂ ಹೋಗಲಾಗದ ಹಾಗೆ ಹೊಲಿಗೆಯಂತ್ರದ ಪಕ್ಕ ದಾರಿಗಡ್ಡವಾಗಿ ಇಟ್ಟು, ಜಾಲರಿ ಬಾಗಿಲು ತೆರೆದಳು.

“ನಾಳೆ ಹತ್ತು ಗಂಟೆಗೆ ಬರ್ತೀನಿ,” ಎಂದಳು. “ಒಟ್ಟಿಗೆ ಹೋಗೋಣ.”