ಬಚ್ಚಲ ನೀರಿನ ಕಾಫಿ

ಕಾಶೀಬಾಯಿ ಬಾಣಲೆಯಲ್ಲಿನ ಕಾಫಿಬೀಜವನ್ನು ಕೈ ನಿಲ್ಲಿಸದೆ ತಿರುವುತ್ತಿದ್ದರು. ಒಂದು ಕಾಳು ಸೀದರೂ ಮದೀನಾಬಿ ಎದ್ದು ಬಂದು ಬೈದಾಳು ಎಂಬ ಹೆದರಿಕೆ. ಹಿತ್ತಲ ಗೋಡೆಯಾಚೆಯ ಮನೆಯಿಂದ ಗಂಡಸರು ಆಕೆಯನ್ನು ಹೊತ್ತುಕೊಂಡು ಆಗಲೇ ಹೋಗಿಯಾಗಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ನೋಡಿಕೊಳ್ಳಬೇಕು. ಊಟ ಬೇರೆ ಮನೆಯಿಂದ ಬರಲಿ, ಕಾಫಿ ಮಾತ್ರ ನಮ್ಮದು ಎಂದು ಕಾಶೀಬಾಯಿ ಬೆಳಿಗ್ಗೆಯೇ ಹಟ ಹಿಡಿದಿದ್ದರು.

"ಅತ್ತಿಯವರ, ಆ ಒಂದು ಮುಷ್ಟಿ ತಗದಿಡ್ರಿ," ಎಂದಳು ಸೊಸೆ ಸುಲಭಾ. "ಆಕಿ ಗಿಡದ್ದು ಅಷ್ಟ ಉಳದದ. ಮಂದಿಗೆ ದುರ್ಗದಬೈಲ ಪ್ಯಾಟಿ ಬೀಜ ಸಾಕು."

"ತಗದಿಟ್ಟು ಪೂಜಾ ಮಾಡ್ಲೇನು? ಆಕಿ ಮನಿಗೆ ಬಂದವರು ಆಕಿ ಕಾಫಿ ಕುಡೀದ ಹೋಗಬಾರದು."

ಆ ಮುಷ್ಟಿಯನ್ನೂ ಬಾಣಲೆಗೆ ಸುರಿದರು.

* * *

ಮದೀನಾಬಿ ಬಾಬಾಬುಡನ್‌ಗಿರಿಯ ಕಡೆಯವಳು. ಅವಳ ತಾಯಿ, ಅಜ್ಜಿ ಎಲ್ಲ ದೊರೆಗಳ ತೋಟದಲ್ಲಿ ಕಾಫಿಹಣ್ಣು ಬಿಡಿಸಿ ಬದುಕಿದವರು. ಬಾಬಾ ಅರಬರ ನಾಡಿನಿಂದ ಏಳು ಬೀಜ ಬಚ್ಚಿಟ್ಟು ತಂದ ಕತೆ ಆ ಕಡೆಯ ಕೂಸುಗಳಿಗೂ ಗೊತ್ತು. ಕಲಾಯಿ ಕೆಲಸದ ಕಮರುದ್ದೀನನನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಬರುವಾಗ ಅವಳೂ ಏಳು ಬೀಜ ಸೆರಗಿಗೆ ಕಟ್ಟಿಕೊಂಡಳು. ಇಲ್ಲಿನ ಬಿಸಿಲಿಗೆ ಆರು ಸಸಿ ಒಣಗಿದವು. ಏಳನೆಯದು ಗೋಡೆಯ ಬುಡದಲ್ಲಿ ನುಗ್ಗೆಮರದ ನೆರಳು ಹಿಡಿದು ಬದುಕಿತು. ಕಾಶೀಬಾಯಿಯ ಬಚ್ಚಲ ನೀರು ಗೋಡೆಯಡಿಯಿಂದ ಹರಿದು ಅದಕ್ಕೆ ಸಿಗುತ್ತಿತ್ತು.

ಗಿಡ ಕೊಡುತ್ತಿದ್ದುದು ವರ್ಷಕ್ಕೊಂದು ಮುಷ್ಟಿ. ಅದು ಕಾಶೀಬಾಯಿಗೇ. ಒಣ ಬೀಜಕ್ಕೆ ಮೈಲಿಗೆಯಿಲ್ಲವಂತೆ! ಅದನ್ನೇ ಮದೀನಾಬಿ ನೀರಿಗೆ ಹಾಕಿ ಕುದಿಸಿದರೆ ಮುಟ್ಟುವಂತಿಲ್ಲ. ಮಡಿಯ ಲೆಕ್ಕ ಬ್ರಹ್ಮನಿಗೂ ಬಗೆಹರಿಯದು.

ಮದೀನಾಬಿ ದಿನವೂ ನೀಲಿ ಹೂವಿನ ಪಿಂಗಾಣಿ ಕಪ್ಪಿಗೆ ಕಾಫಿ ತುಂಬಿ ಗೋಡೆಯ ಮೇಲೆ ಇಡುತ್ತಿದ್ದಳು.

"ನಿಮ್ಮ ಬಚ್ಚಲ ನೀರು ಕುಡದು ನಮ್ಮ ಗಿಡ ಕೆಟ್ಟಿಲ್ರಿ, ಬಾಯಾರ. ನಮ್ಮ ಕಪ್ಪಿಂದು ಒಂದು ಗುಟುಕು ಕುಡದ್ರ ನೀವು ಕೆಡ್ತೀರೇನು?"

"ನಮ್ಮ ಅತ್ತಿ ಇರೂತನಕ ಸುಮ್ನಿರು ಮಾರಾಯ್ತಿ. ಆಮ್ಯಾಲ ನೋಡೂಣು."

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಮದೀನಾಬಿ ಕೇಳುವುದನ್ನು ಬಿಡಲಿಲ್ಲ, ಕಾಶೀಬಾಯಿ ನೋಡೋಣ ಎನ್ನುವುದನ್ನು ಬಿಡಲಿಲ್ಲ. ಇಬ್ಬರೂ ನಗುತ್ತಿದ್ದರು. ಕಾಫಿಯನ್ನು ಮದೀನಾಬಿಯೇ ಕುಡಿಯುತ್ತಿದ್ದಳು.

* * *

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ಕೂತಾಗ ಕಾಶೀಬಾಯಿ ಕಾಫಿಯ ಪಾತ್ರೆಯನ್ನು ಗೋಡೆಯ ಮೇಲಿಂದ ದಾಟಿಸಿದರು. ಯುದ್ಧದ ದಿನಗಳು, ಸಕ್ಕರೆ ರೇಷನ್ನಿನಲ್ಲಿ ಸಿಕ್ಕಿದ್ದು ಸಾಲದೆ ಬೆಲ್ಲ ಹಾಕಿದ್ದರು.

ಕಮರುದ್ದೀನನ ಕಡೆಯ ಮುದುಕಿ ಗುಲ್ಜಾರಬಿ ಗುಟುಕರಿಸಿ ತಲೆದೂಗಿದಳು. "ಮದೀನಾನ ಕೈಯಾಗಿಂದನ ಬಂದಂಗ ಐತಿ. ಮದವಿಯಾಗಿ ಬಂದ ದಿನ ನಾನು ಚಹಾ ಕೊಟ್ರ, ಮೂಸಿ ನೋಡಿ, ಇದೇನು ಹುಲ್ಲು ತೊಳದ ನೀರು ಅಂದಿದ್ಲು."

ಕೂತವರು ನಕ್ಕರು. ಕಮರುದ್ದೀನನೂ ಕಣ್ಣೊರೆಸಿಕೊಂಡು ನಕ್ಕ. ಹಂಚುವವನು ಅವನೇ. ಎಲ್ಲರಿಗೂ ಕೊಟ್ಟಾದ ಮೇಲೆ ಕೈಯಲ್ಲಿ ತುಂಬಿದ ಕಪ್ಪೊಂದು ಉಳಿಯಿತು, ನೀಲಿ ಹೂವಿನದು. ಅವನು ಅದನ್ನು ಹಿಡಿದು ಗೋಡೆಯ ಬಳಿ ಬಂದ.

"ರೂಢಿ ನೋಡ್ರಿ ಬಾಯಾರ. ಎಲ್ಲಾರ ಜೋಡಿ ಆಕಿದನ್ನೂ ತುಂಬಿಬಿಟ್ಟೇನಿ. ಗಿಡಕ್ಕ ಹಾಕ್ತೀನಿ."

"ಗಿಡಕ್ಕ ಬ್ಯಾಡ," ಎಂದರು ಕಾಶೀಬಾಯಿ. "ಇಲ್ಲಿ ಕೊಡ್ರಿ."

"ಅತ್ತಿಯವರ," ಎಂದಳು ಸುಲಭಾ ಹಿಂದಿನಿಂದ, ಮೆಲ್ಲಗೆ.

ಕಾಶೀಬಾಯಿ ಎರಡೂ ಕೈಚಾಚಿ ಕಪ್ಪನ್ನು ತೆಗೆದುಕೊಂಡರು. ಅದು ಮದೀನಾಬಿ ಇದ್ದಾಗಲೇ ಕುಡಿಯಬೇಕಾಗಿದ್ದ ಕಾಫಿ. ನಿಂತೇ, ಆತುರವಿಲ್ಲದೆ, ಕೊನೆಯ ಹನಿಯವರೆಗೂ ಕುಡಿದರು. ರುಚಿಯಾಗಿತ್ತು.

"ಗೆದ್ದಿ ಬಿಡು ಮಾರಾಯ್ತಿ," ಎಂದರು ಗಿಡದ ಕಡೆ ನೋಡಿ.

ಕಮರುದ್ದೀನ ಖಾಲಿ ಕಪ್ಪಿಗೆ ಕೈಯೊಡ್ಡಿದ.

"ಇದು ನಮ್ಮಲ್ಲಿರಲಿ, ಕೊಡ್ತೀರೇನು?"

ಅವನು ಹೂಂ ಎಂದು ತಲೆಯಾಡಿಸಿದ. ಕಾಶೀಬಾಯಿ ಬಚ್ಚಲಿಗೆ ಹೋಗಿ ಕಪ್ಪು ತೊಳೆದರು. ತೊಳೆದ ನೀರು ಗೋಡೆಯಡಿಯಿಂದ ಗಿಡದತ್ತ ಹರಿಯಿತು. ತಿರುಗಿ ಬರುವಷ್ಟರಲ್ಲಿ ಸುಲಭಾ ಅಡುಗೆಮನೆಯ ಗೂಡಿನಲ್ಲಿ ಬೆಳ್ಳಿ ಲೋಟವನ್ನು ಪಕ್ಕಕ್ಕೆ ಸರಿಸಿ ಒಂದು ಕಪ್ಪಿನಷ್ಟು ಜಾಗ ಮಾಡಿದ್ದಳು.