ಗ್ರಂಥಾಲಯದಲ್ಲಿ ಸಿಕ್ಕಿದ ಬೆಟ್ಟದ ಮಾತು

"ಬೆಟ್ಟ ಏನಂತು?"

ದೊಡ್ಡಮಾದಯ್ಯ ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಅಜ್ಜೀಪುರದ ತನ್ನ ಮನೆಯ ಜಗಲಿಯ ಮೇಲೆ ಅವನೊಬ್ಬನೇ ಕೂತಿದ್ದ. ತೊಡೆಯ ಮೇಲೆ ತಂಬೂರಿ. ಎದುರಿಗೆ ಹುರುಳಿ ಒಣಹಾಕಿದ ಅಂಗಳ. ಅದರಾಚೆ ಹನೂರಿನಿಂದ ಬೆಟ್ಟಕ್ಕೆ ಹೋಗುವ ಬಸ್ಸಿನ ರಸ್ತೆ. ಬಸ್ಸು ಹೋಯಿತು, ಧೂಳು ಎದ್ದು ಕೂತಿತು.

ಮಾದಯ್ಯ ಕಥೆ ಹಾಡುವವನು. ಕಳೆದುಹೋದ ಏಳು ಹಸುಗಳನ್ನು ಹುಡುಕಿಕೊಂಡು ಎಳಗವ್ವ ಎಂಬ ಹುಡುಗಿ ಕಾಡು ಹೊಕ್ಕ ಕಥೆ ಅದು. ಅವಳು ಮರವನ್ನು ಕೇಳುತ್ತಾಳೆ, ಹಳ್ಳವನ್ನು ಕೇಳುತ್ತಾಳೆ, ಹುತ್ತವನ್ನು ಕೇಳುತ್ತಾಳೆ. ಕೊನೆಗೆ ಬೆಟ್ಟದ ಮುಂದೆ ನಿಂತು ಕೇಳುತ್ತಾಳೆ. ಬೆಟ್ಟ ಉತ್ತರ ಕೊಡುತ್ತದೆ. ಆ ಉತ್ತರದಿಂದಲೇ ಕಥೆ ತಿರುಗುವುದು. ಗುರು ಶಿವನಂಜಯ್ಯ ಬಾಯಿಂದ ಹೇಳಿ ಕಿವಿಗೆ ಹಾಕಿದ ಕಥೆಯನ್ನು ಮಾದಯ್ಯ ಮೂವತ್ತನಾಲ್ಕು ವರ್ಷ ಹಾಡಿದ್ದ. ಹೋದ ಚಳಿಗಾಲದಲ್ಲಿ ಹದಿನೈದು ದಿನ ಜ್ವರ ಬಂತು. ಜ್ವರ ಬಿಟ್ಟಿತು. ಹೋಗುವಾಗ ಬೆಟ್ಟದ ಮಾತನ್ನು ಜೊತೆಗೆ ತೆಗೆದುಕೊಂಡು ಹೋಯಿತು.

ಗುರು ಶಾಶ್ವತವಾಗಿ ಕಣ್ಣು ಮುಚ್ಚುವ ಮೊದಲು ಒಂದು ಮಾತು ತೆಗೆದುಕೊಂಡಿದ್ದರು. ನುಡಿ ತಪ್ಪಿದ ಕಥೆಯನ್ನು ದೇವರ ಮುಂದೆ ಎತ್ತಬಾರದು. ತಪ್ಪಿದರೆ ತಂಬೂರಿಯನ್ನು ಗೂಟಕ್ಕೆ ನೇತುಹಾಕಿಬಿಡಬೇಕು. ಕಾರ್ತಿಕದ ಕೊನೆಯ ಸೋಮವಾರ ಊರ ಗುಡಿಯಲ್ಲಿ ಈ ಕಥೆ ಆಗಲೇಬೇಕು. ಅದಕ್ಕೆ ಇನ್ನು ಆರು ವಾರ. ಮಾದಯ್ಯನನ್ನು ಬಿಟ್ಟರೆ ಇದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.

ಹಿಮ್ಮೇಳಕ್ಕೆ ನಿಲ್ಲುವ ಕೆಂಚಯ್ಯನಿಗೆ ಇದು ದೊಡ್ಡ ಸಂಗತಿಯೇ ಅಲ್ಲ. "ಬುಡ್ಲಾ ಅದ್ನ. ಆ ನುಡಿ ಎಗರಿಸ್ಕಂಡು ಮುಂದಕ್ಕೋಗು. ತೂಕಡುಸ್ಕಂಡು ಕುಂತವ್ರಿಗೆ ಏನ್ ಗೊತ್ತಾದದು?" ಅಂದ.

"ಕುಂತವ್ರಿಗೆ ಗೊತ್ತಾಗಕಿಲ್ಲ ಕೆಂಚಣ್ಣ. ಒಳಗಿರೋನಿಗೆ ಗೊತ್ತಾಯ್ತದೆ," ಎಂದು ಮಾದಯ್ಯ ಗುಡಿಯ ಕಡೆ ಕೈ ತೋರಿಸಿದ.

ಈ ಸಂಕಟವನ್ನೆಲ್ಲ ನೋಡುತ್ತಿದ್ದವಳು ಹೆಂಡತಿ ಪುಟ್ಟಮಾದಮ್ಮ. ಕೂಲಿ ಮಾಡುವವಳು, ಹೆಂಗಸರ ಸಂಘದ ಸದಸ್ಯೆ. ಒಂದು ಬೆಳಿಗ್ಗೆ ಹುರುಳಿ ಕೇರುತ್ತಾ ಅಂದಳು: "ಈ ಭಾನ್ವಾರ ನನ್ ಜೊತೆ ಲೈಬ್ರರೀಗೆ ಬಾ."

"ಲೈಬ್ರರೀಗಾ? ಅದು ಪರೀಕ್ಸೆ ಬರ್ಯೋ ಐಕ್ಳ ಜಾಗ ಕನಮ್ಮಿ. ಎಬ್ಬೆಟ್ ಒತ್ತೋನು ಅಲ್ಲೋಗಿ ಏನ್ ಮಾಡ್ಲಿ? ಪುಸ್ತಕದ್ ಮ್ಯಾಲೆ ಕುಂತಿರೋ ನೊಣ ಓಡುಸ್ಲಾ?"

"ನೊಣ ಓಡ್ಸಕೆ ನೀನ್ ಬ್ಯಾಡ, ಫ್ಯಾನ್ ಅದೆ," ಅಂದಳು ಮಾದಮ್ಮ. "ಐಕ್ಳು ದಿನಾ ಓದ್ಕತವೆ, ಸರಿ. ತಿಂಗ್ಳಲ್ಲಿ ನಾಕ್ ದಿನ ದೊಡ್ಡೋರ್ದು ಕಣಯ್ಯ. ಎರಡ್ನೇ ಸನಿವಾರ ನಮ್ಗೆ ಅಕ್ಸರ. ನಾನು ಬಸ್ಸಿನ್ ಬೋರ್ಡ್ ಓದಕ್ಕೆ ಕಲ್ತದ್ದು ಎಲ್ಲಿ ಅನ್ಕಂಡೆ? ಒಂದ್ ಬುಧವಾರ ನರ್ಸಮ್ಮ ಬಂದು ಮಾತ್ರೆ ಚೀಟಿ ನೋಡದ್ ಹೇಳ್ಕೊಡ್ತರೆ. ಅರ್ಜಿ ಬರ್ಕೊಡಕೂ ಒಂದಿನ ಅದೆ. ಕೊನೇ ಭಾನ್ವಾರ ಕೇಳೋ ದಿನ. ಲೈಬ್ರರಿ ನೋಡ್ಕಳೋ ಕುಸುಮವ್ವ ಓದ್ತರೆ, ನಾವು ಕೇಳ್ತೀವಿ. ಆಮೇಲೆ ಹಾಡು ಬಲ್ಲೋರು ಹಾಡ್ತರೆ, ಅದ್ನ ಬರ್ಕತರೆ."

"ಬರ್ಕತರಾ?" ಮಾದಯ್ಯನ ದನಿ ಗಟ್ಟಿಯಾಯಿತು. "ಗುರು ಕಿವೀಗೆ ಕೊಟ್ಟದ್ದ ನಾನು ಕಾಗ್ದಕ್ಕೆ ಕೊಡಕಿಲ್ಲ."

"ಕಿವೀಗ್ ಬಿದ್ದದ್ದು ಓಯ್ತಲ್ಲ! ಈಗ ಯಾರ್ನ ಕೇಳೀಯೆ?"

ಅಂದುಬಿಟ್ಟು ಅವಳೇ ನಾಲಿಗೆ ಕಚ್ಚಿಕೊಂಡಳು. ಮಾದಯ್ಯ ಎದ್ದು ಹಿತ್ತಿಲಿಗೆ ಹೋದ. ಆದರೆ ಅವನ ಮನಸ್ಸಿನಲ್ಲಿ ಒಂದು ಮಾತು ನಿಂತುಬಿಟ್ಟಿತು. ಕೇಳೋ ದಿನ. ಅವನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ವ್ರತ ಒಂದೇ, ಕೇಳುವುದು. ಅದಕ್ಕೂ ಒಂದು ದಿನ ಇಟ್ಟಿದ್ದಾರೆಂದರೆ ಹೋಗಿ ನೋಡಿದರೆ ತಪ್ಪೇನು?

ಭಾನುವಾರ ಮಧ್ಯಾಹ್ನ ಅವನು ಮಿಂದು, ಒಗೆದ ಪಂಚೆ ಉಟ್ಟು, ತಂಬೂರಿ ಹೆಗಲಿಗೇರಿಸಿ ಹೊರಟ. ಕೈಯಲ್ಲಿ ವಿಭೂತಿಯ ಚೀಲ. ಮಾದಮ್ಮ ನೋಡಿಯೂ ನೋಡದವಳ ಹಾಗೆ ಅವನ ಹಿಂದೆಯೇ ಹೊರಟಳು.

ಗ್ರಂಥಾಲಯವೆಂದರೆ ಪಂಚಾಯಿತಿ ಆಫೀಸಿನ ಪಕ್ಕದ ಎರಡು ಕೋಣೆ. ಮಾದಯ್ಯ ಆ ಬಾಗಿಲ ಮುಂದೆ ಸಾವಿರ ಸಲ ನಡೆದಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ನಲ್ಲಿಯಲ್ಲಿ ಕಾಲು ತೊಳೆದು ಹೊಸ್ತಿಲು ದಾಟಿ ತಲೆ ಎತ್ತಿದ. ನೆಲದಿಂದ ಸೂರಿನವರೆಗೆ ಪುಸ್ತಕ. ಎಡಕ್ಕೆ ನೋಡಿದರೆ ಪುಸ್ತಕ, ಬಲಕ್ಕೆ ನೋಡಿದರೆ ಪುಸ್ತಕ. ತಾನು ಒಂದು ಕಥೆ ಕಲಿಯಲು ಒಂಬತ್ತು ವರ್ಷ ಗುರುವಿನ ಹಿಂದೆ ತಿರುಗಿದ್ದು ನೆನಪಾಯಿತು. ಇಲ್ಲಿ ಎಷ್ಟು ಗುರುಗಳು ಸಾಲಾಗಿ ನಿಂತಿದ್ದಾರೆ, ಶಿವನೇ! ಅವನ ಕೈ ತಾನಾಗಿ ಚೀಲಕ್ಕೆ ಹೋಯಿತು. ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಮೊದಲನೆಯ ಸಾಲಿನ ಪುಸ್ತಕಗಳ ಬೆನ್ನಿಗೆ ಒಂದೊಂದಾಗಿ ಬಳಿಯುತ್ತಾ ಹೊರಟ.

"ಅಣ್ಣಾ, ಅಣ್ಣಾ! ನಿಲ್ಲಿ!" ಗ್ರಂಥಾಲಯ ನೋಡಿಕೊಳ್ಳುವ ಕುಸುಮ ಓಡಿಬಂದಳು. ಅಷ್ಟರಲ್ಲಿ ಹನ್ನೊಂದು ಪುಸ್ತಕಗಳು ಶಿವಭಕ್ತರಾಗಿದ್ದವು.

"ಇಷ್ಟೊಂದ್ ಜನದ್ ಮಾತು ಇಲ್ಲಿ ಕುಂತದಲ್ಲವ್ವ. ಸುಮ್ಕೆ ಎಂಗ್ ಒಳೀಕ್ ಬರ್ಲಿ?" ಎಂದ ಮಾದಯ್ಯ, ಕೈ ಹಾಗೇ ಗಾಳಿಯಲ್ಲಿ.

ಕುಸುಮ ನಗು ತಡೆದುಕೊಂಡು ಸೆರಗಿನಿಂದ ಪುಸ್ತಕ ಒರೆಸಿದಳು. "ಕೈ ಮುಗೀರಿ ಅಣ್ಣ, ಬೇಡ ಅನ್ನಲ್ಲ. ಆದ್ರೆ ಇವ್ರಿಗೆ ಪೂಜೆ ಅಂದ್ರೆ ಬಿಡ್ಸಿ ಓದೋದು. ಓದಕ್ಕೆ ಬರ್ದಿದ್ರೆ ಕೇಳೋದು. ಬನ್ನಿ, ಕೂತ್ಕೊಳ್ಳಿ."

ಚಾಪೆಯ ಮೇಲೆ ಇಪ್ಪತ್ತು ಜನ ಇದ್ದರು. ಸಂಘದ ಹೆಂಗಸರು, ಟೊಮ್ಯಾಟೊ ಬೆಳೆಯುವ ಇಬ್ಬರು, ಗೋಡೆಗೆ ಒರಗಿದ ಒಂದಿಷ್ಟು ಮುದುಕರು. ಕುಸುಮ ಒಂದು ಹಳೆಯ ಪುಸ್ತಕ ತೆಗೆದು ಓದಿದಳು. ಯಾರೋ ಒಬ್ಬರು ಕಾಲ್ನಡಿಗೆಯಲ್ಲಿ ಕಾಡು ದಾಟುವಾಗ ಮಳೆಗೆ ಸಿಕ್ಕು, ಗುರುತಿಲ್ಲದ ಮನೆಯವರು ಕೊಟ್ಟ ಬಿಸಿ ರಾಗಿಮುದ್ದೆ ಉಂಡು ಕಣ್ಣೀರು ಹಾಕಿದ ಪ್ರಸಂಗ. ಮಾದಯ್ಯನ ಗಂಟಲಿಗೆ ಆ ಮುದ್ದೆಯ ಬಿಸಿ ತಗುಲಿದ ಹಾಗಾಯಿತು.

"ಇದ ಹೇಳ್ದೋರು ಎಲ್ಲವ್ರೆ ಕುಸುಮವ್ವ? ಒಂದ್ಸಲ ನೋಡ್ಬೇಕಲ್ಲ."

"ಅವರು ತೀರ್ಕೊಂಡು ನೂರು ವರ್ಷದ ಮೇಲಾಯ್ತು ಅಣ್ಣ."

ಮಣ್ಣಾಗಿ ನೂರು ವರ್ಷವಾದ ಬಾಯಿ ಈಗ ತಾನೇ ಮಾದಯ್ಯನ ಎದುರು ಮಾತಾಡಿ ಹೋಗಿತ್ತು. ದನಿ ಹಳಸಿರಲಿಲ್ಲ. ಕಣ್ಣೀರು ಆರಿರಲಿಲ್ಲ. ಅವನು ಕುಸುಮಳ ಕೈಯಲ್ಲಿದ್ದ ಹಾಳೆಯನ್ನೇ ನೋಡಿದ. ಇರುವೆಸಾಲಿನಂಥ ಕಪ್ಪು ಗೆರೆಗಳು, ಅಷ್ಟೇ. ಇವುಗಳೊಳಗೆ ಒಂದು ಜೀವ ಇಷ್ಟು ದಿನ ಹೇಗೆ ಕೂತಿತ್ತು?

"ನೀವೂ ಹಾಡಿ ಅಣ್ಣ," ಅಂದಳು ಕುಸುಮ. "ಬರ್ಕೊಳ್ಳೋದು ನಿಮ್ಮಿಷ್ಟ. ನೀವು ಹೂಂ ಅನ್ನೋವರ್ಗೂ ನಾನು ಪೆನ್ನು ಮುಟ್ಟಲ್ಲ."

ಮಾದಯ್ಯ ತಂಬೂರಿ ಎತ್ತಿದ. ಎಳಗವ್ವ ಮನೆ ಬಿಟ್ಟಳು, ಮರವನ್ನು ಕೇಳಿದಳು, ಹಳ್ಳವನ್ನು ಕೇಳಿದಳು. ಹುತ್ತ ದಾಟಿ ಬೆಟ್ಟದ ಮುಂದೆ ಬಂದಳು:

ಕಲ್ಲಾಗಿ ಕುಂತೋನೆ, ಕಾಡೆಲ್ಲ ಕಂಡೋನೆ
ಎಲ್ಲವ್ವೆ ನನ್ನ ಏಳ್ ಹಸುವು, ಬೆಟ್ಟಯ್ಯ
ಸೊಲ್ಲೊಂದು ಹೇಳು ಮಗಳೀಗೆ

ಅಲ್ಲಿಗೆ ನಿಂತಿತು. ತಂತಿ ಮಿಡಿಯುತ್ತಲೇ ಇತ್ತು, ಬಾಯಿ ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ಇದೇ ನನ್ನ ಕೊನೆಯ ಹಾಡು, ಮನೆಗೆ ಹೋಗಿ ತಂಬೂರಿ ನೇತುಹಾಕುವುದೇ ಸರಿ ಎಂದು ಮಾದಯ್ಯ ಅಂದುಕೊಂಡ.

ಆಗ ಹಿಂದಿನಿಂದ, ಪೇಪರ್ ಓದುವ ಮೇಜಿನ ಕಡೆಯಿಂದ, ಒಂದು ಸಣ್ಣ ದನಿ ಎದ್ದಿತು. ಹಲ್ಲಿಲ್ಲದ ಬಾಯಿಯ, ಆದರೆ ಶ್ರುತಿ ತಪ್ಪದ ದನಿ:

ನನ್ನನ್ನ ಕೇಳ್ಬ್ಯಾಡ, ನಿನ್ನೊಳಗೆ ಬೇಯ್ಬ್ಯಾಡ
ಬೆನ್ನಿಂದೆ ಬಂದಾವೆ ಏಳ್ ಹಸುವು, ಎಳಗವ್ವ
ಕಣ್ಣಿಗು ಮೊದ್ಲೆ ಕಿವಿಗೊಡು

ಎಲ್ಲರೂ ತಿರುಗಿ ನೋಡಿದರು. ಎಂಬತ್ತರ ಹತ್ತಿರದ ಒಬ್ಬ ಮುದುಕಿ. ಚಿಕ್ಕತಾಯಮ್ಮ ಎಂದು ಹೆಸರು, ಮಧುವನಹಳ್ಳಿಯವಳು. ಮಗಳ ಮನೆಗೆಂದು ಅಜ್ಜೀಪುರಕ್ಕೆ ಬಂದಿದ್ದವಳು ಮಗಳ ಜೊತೆ ಸುಮ್ಮನೆ ಇಲ್ಲಿಗೂ ಬಂದಿದ್ದಳು.

ಮಾದಯ್ಯ ತಂಬೂರಿ ಕೆಳಗಿಟ್ಟ. "ಇದ... ಇದ ನಿನ್ಗೆ ಯಾರವ್ವ ಕಲ್ಸಿದ್ರು?"

"ಯಾರ್ ಕಲ್ಸಾರಪ್ಪ ನನ್ಗೆ? ನಮ್ಮಪ್ಪನ್ ಮನೇಲಿ ಶಿವನಂಜಯ್ಯೋರು ಬಂದು ಕತೆ ಎತ್ತೋರು. ಹೆಣ್ಮಕ್ಳು ಎದುರ್ಗೆ ಕೂರಂಗಿರ್ನಿಲ್ಲ. ಗೋಡೆ ಆಚ್ಗೆ ನಾನೂ ನಮ್ಮವ್ವನೂ ರಾಗಿ ಬೀಸ್ತಿದ್ವಿ. ಬೀಸೋದ್ ನಿಲ್ಸುದ್ರೆ ಅವ್ವ ಬಯ್ಯೋಳು. ಕಲ್ಲಿನ್ ಸದ್ದಲ್ಲಿ ಎಷ್ಟ್ ಕೇಳಸ್ತೋ ಅಷ್ಟೇ ನಂದು." ಮುದುಕಿ ನಕ್ಕಳು. "ಬಯ್ಕಬ್ಯಾಡ ಕಣಪ್ಪ. ಹುತ್ತದ್ ತಾವ್ ಒಂದ್ ನುಡಿ ನುಂಗ್ಬುಟ್ಟೆ ನೀನು."

"ಹುತ್ತದ್ ತಾವಾ?"

"ಊಂ. ಹಾವು ಹೆಡೆ ಎತ್ತಿ ಮಾತಾಡದು."

ಮಾದಯ್ಯ ದಂಗಾದ. ಹಾವು ಮಾತಾಡುವ ನುಡಿ ಒಂದಿತ್ತು ಎಂಬುದೇ ಅವನಿಗೆ ಮರೆತಿತ್ತು. ಕಳೆದದ್ದು ಒಂದೇ ಎಂದುಕೊಂಡಿದ್ದ. ತನಗೆ ಗೊತ್ತಿಲ್ಲದೆ ಇನ್ನೆಷ್ಟು ಸೋರಿಹೋಗಿದೆಯೋ! ಗುರು ಗಂಡಸರ ಕಿವಿಗೆ ಕೊಟ್ಟದ್ದನ್ನು ಅವನು ಕಳೆದುಕೊಂಡಿದ್ದ. ಗೋಡೆಯಾಚೆ ಕೊಡದೆಯೇ ಸಿಕ್ಕಿದ್ದನ್ನು ಇವಳು ಅರವತ್ತು ವರ್ಷ ಕಾದಿದ್ದಳು. ಅವನು ಚಾಪೆಯ ಮೇಲೇ ಸಾಷ್ಟಾಂಗ ಮಲಗಿ ಆ ಮುದುಕಿಯ ಕಾಲು ಮುಟ್ಟಿದ.

"ಅಯ್ಯೋ ಏಳಪ್ಪ, ಏಳು! ಎಲ್ರೂ ನೋಡ್ತಾವ್ರೆ," ಎಂದು ಅವಳು ಕಾಲು ಸೀರೆಯೊಳಗೆ ಎಳೆದುಕೊಂಡಳು.

ಮಾದಯ್ಯ ಎದ್ದು ಕೂತ. ಕಣ್ಣು ಒರೆಸಿಕೊಂಡು ಕುಸುಮಳ ಕಡೆ ತಿರುಗಿದ. "ಪೆನ್ ತಕ್ಕಳವ್ವ. ಮೊದ್ಲಿಂದ ಹೇಳ್ತೀನಿ. ನಾನ್ ತಪ್ಪುದ್ ಕಡೆ ಈ ಅವ್ವ ಹೇಳ್ಲಿ."

ಅವತ್ತು ಹೊತ್ತು ಇಳಿಯುವವರೆಗೆ ಬರೆದರು. ಮುಂದಿನ ತಿಂಗಳ ಕೊನೆಯ ಭಾನುವಾರ ಮತ್ತೆ ಕೂತರು. ಒಟ್ಟು ಐದು ನುಡಿಗಳು ಹೊಸದಾಗಿ ಸಿಕ್ಕವು. ಕಾರ್ತಿಕದ ಕೊನೆಯ ಸೋಮವಾರ ಮಾದಯ್ಯ ಗುಡಿಯಲ್ಲಿ ಕಥೆ ಎತ್ತಿದಾಗ, ಬೆಟ್ಟ ಎಳಗವ್ವನಿಗೆ ಉತ್ತರ ಕೊಟ್ಟಿತು. ಮುಂದಿನ ಸಾಲಿನಲ್ಲಿ, ಎಲ್ಲರೂ ಕಾಣುವ ಕಡೆ, ಚಿಕ್ಕತಾಯಮ್ಮ ಕೂತಿದ್ದಳು. ಈಗ ಎರಡನೇ ಶನಿವಾರ ಮಾದಮ್ಮನ ಜೊತೆ ಮಾದಯ್ಯನೂ ಸ್ಲೇಟು ಹಿಡಿದು ಹೋಗುತ್ತಾನೆ. ತನ್ನ ಹೆಸರಿನ ಡಕಾರದ ಒತ್ತು ಇನ್ನೂ ಸರಿಯಾಗಿ ಕೂರುತ್ತಿಲ್ಲ. ಪರವಾಗಿಲ್ಲ.

ಅಕ್ಕ, ಅಣ್ಣ, ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ! ನಿಮ್ಮ ಊರಿನ ಗ್ರಂಥಾಲಯ ಬರೀ ಮಕ್ಕಳದಲ್ಲ, ನಿಮ್ಮದೂ ಹೌದು. ಹನೂರಿರಲಿ, ಕೊಳ್ಳೇಗಾಲವಿರಲಿ, ಯಳಂದೂರಿರಲಿ, ಈ ತಿಂಗಳು ದೊಡ್ಡವರಿಗೆ ಏನೇನು ಇದೆ ಎಂದು ಬಾಗಿಲಿಗೆ ಹೋಗಿ ಕೇಳಿ. ಏನೂ ಇಲ್ಲವೆಂದರೆ ಒಂದು ದಿನ ಶುರು ಮಾಡಿ ಎಂದು ನೀವೇ ಹೇಳಿ. ಅಕ್ಷರ ಬಾರದಿದ್ದರೆ ನಾಚಿಕೆ ಬೇಡ, ಕಿವಿ ಇದೆಯಲ್ಲ. ನಿಮ್ಮ ಮನೆಯ ಅಜ್ಜಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ. ಅವರ ನಾಲಿಗೆಯ ಮೇಲೆ ಏನಿದೆಯೋ ನಮಗೆ ನಿಮಗೆ ಗೊತ್ತಿಲ್ಲ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕೆಂಚಯ್ಯನ ವಿಷಯ ಹೇಳದಿದ್ದರೆ ಕಥೆಗೆ ಮೋಸವಾಗುತ್ತದೆ.

ಕುಸುಮ ಆ ನುಡಿಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದು, ಹೊಲಿದು, ರಟ್ಟು ಹಾಕಿ ಕಪಾಟಿನಲ್ಲಿ ಇಟ್ಟ ವಾರ, ಕೆಂಚಯ್ಯ ಜಗಲಿಗೆ ಬಂದ. ಬೀಡಿ ಹಚ್ಚಿದ. ಆ ಕಡೆ ಈ ಕಡೆ ನೋಡಿದ.

"ಮಾದ, ಆ ಪುಸ್ತಕ ಇಸ್ಕಂಡ್ ಬಂದ್ಬುಡ್ಲಾ. ನಮ್ಮಿಬ್ರ ತಾವೇ ಇರ್ಲಿ. ಕಂಡೋರೆಲ್ಲ ಓದ್ಕಂಡು ಹಾಡ್ಕಂಡ್ರೆ ನಾಳೆ ನಮ್ಮನ್ನ ಯಾರ್ ಕರ್ದಾರು?"

ಮಾದಯ್ಯ ತಂಬೂರಿಯ ತಂತಿ ಬಿಗಿ ಮಾಡುತ್ತಿದ್ದವನು ತಲೆ ಎತ್ತಿದ.

"ಯಾರೂ ಕರೀದಿದ್ರೂ ಸರಿಯೆ ಕೆಂಚಣ್ಣ," ಅಂದ. "ತರಕಿಲ್ಲ."